ಹತ್ತಕ್ಕೇ ಒಂದು ಗಂಟೆಯಾದ ಭಾನುವಾರ

ಸೇನಾ ಮದುರೇರಾ, ಆಕ್ರಿ ರಾಜ್ಯ
ಮಂಗಳವಾರ, 6 ನವೆಂಬರ್ 2018

ನನ್ನ ಅಮ್ಮನಿಗೆ,

ಮೊನ್ನೆ ಭಾನುವಾರ ಇಲ್ಲಿ ಒಂದು ಅನ್ಯಾಯ ನಡೆಯಿತು. ನಮ್ಮೂರಿನ ಗಡಿಯಾರ ಬೆಳಗಿನ ಹತ್ತು ತೋರಿಸುತ್ತಿರುವಾಗ, ಎರಡು ಸಾವಿರ ಕಿಲೋಮೀಟರಿಗೂ ಆಚೆ ಇರುವ ರಾಜಧಾನಿ ಬ್ರಸೀಲಿಯಾದಲ್ಲಿ ಮಧ್ಯಾಹ್ನ ಒಂದಾಯಿತು ಎಂಬ ಕಾರಣಕ್ಕೆ, ನಮ್ಮೂರಿನ ಶಾಲೆಯ ಗೇಟನ್ನು ಪರೀಕ್ಷೆ ಬರೆಯಲು ಬಂದ ನಮ್ಮೂರಿನ ಮಕ್ಕಳ ಮುಖಕ್ಕೆ ಮುಚ್ಚಿದರು. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಹಟ ಹಿಡಿದು ಕೂತಿದ್ದೆ, ಬರೆದೆ. ಬರೆದ ಮೇಲೆ ಇದೇ ಮೊದಲ ಸಾಲಾಗಬೇಕಿತ್ತೇ ಎಂಬುದು ಗೊತ್ತಾಗುತ್ತಿಲ್ಲ. ಹರಿದು ಹಾಕೋಣವೆಂದರೆ ಅದು ಸುಳ್ಳೂ ಅಲ್ಲ.

ಅದಿರಲಿ. ನಿನ್ನ ಮೊಣಕಾಲು ಹೇಗಿದೆ? ಒಸ್ಮಾರ್ ಮಾಮನ ದೋಣಿಗೆ ಮೇಲೆ ಹೊದಿಕೆಯಿಲ್ಲ. ಸೋಮವಾರ ಬೆಳಿಗ್ಗೆ ಸುರಿದ ಮಳೆಯಲ್ಲಿ ಆರು ಗಂಟೆ ಹೊತ್ತು ಕಾಲು ಮಡಚಿಕೊಂಡು ಕೂತು ನದಿಯಲ್ಲಿ ಮೇಲಿನೂರಿಗೆ ಹೋಗಿದ್ದೀಯ. ಚಿಕ್ಕಮ್ಮ ಕೊಟ್ಟ ಎಣ್ಣೆ ಹಚ್ಚಿಕೊಂಡೆಯಾ, ಅಥವಾ ಇಳಿದವಳೇ ನೆಟ್ಟಗೆ ನಿನ್ನ ಶಾಲೆಯ ಅಡುಗೆ ಒಲೆಯ ಮುಂದೆ ಹೋಗಿ ಕೂತೆಯಾ? ಔಷಧಿ ಅಂಗಡಿಯಲ್ಲಿ ಕೊಂಡ ಕನ್ನಡಕ ಮೂಗನ್ನು ಒತ್ತುತ್ತದೆ ಎನ್ನುತ್ತಿದ್ದೆಯಲ್ಲ. ಅದರ ಕಡ್ಡಿಯನ್ನು ಬಿಸಿನೀರಿನಲ್ಲಿ ಅದ್ದಿ ಸ್ವಲ್ಪ ಅಗಲಿಸಿದರೆ ಸರಿಹೋಗುತ್ತದಂತೆ. ಜೋರಾಗಿ ಎಳೆದು ಮುರಿಯಬೇಡ. ಭಾನುವಾರಕ್ಕೆ ಅದು ಬೇಕು.

ಹೌದು, ಭಾನುವಾರಕ್ಕೆ ಬೇಕು. ನೀನು ಬರುವುದಿಲ್ಲ ಎಂದೆಯಂತೆ. ಜುರಾಸಿ ಚಿಕ್ಕಮ್ಮ ನಿನ್ನನ್ನು ದೋಣಿ ಹತ್ತಿಸಿ ಬಂದು, ಒದ್ದೆ ಕೊಡೆಯನ್ನು ನನ್ನ ಕಾಲ ಬಳಿ ಎಸೆದು, ನೀನು ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು: "ನನ್ನ ಮಗಳು ಬೇಡ ಅಂತ ಹೊರಗೆ ನಿಂತ ಗೇಟಿನೊಳಗೆ ನಾನು ಹಲ್ಲು ಕಿರಿದುಕೊಂಡು ಹೋಗಿ ಕೂತೆನಲ್ಲೇ ಜುರಾಸಿ. ಅರ್ಧ ತಪ್ಪು ಮಾಡಿದ್ದಾಯ್ತು. ಇನ್ನರ್ಧ ಮಾಡಲ್ಲ." ಒಸ್ಮಾರ್ ಮಾಮ ಇವತ್ತು ಕೆಳಗಿಳಿದು ಬಂದವನು ಹೇಳಿದ್ದು ಇನ್ನೊಂದು. ದಾರಿಯುದ್ದಕ್ಕೂ ನೀನು ಬಾಯಿ ಬಿಡಲಿಲ್ಲವಂತೆ. "ನಿಮ್ಮಮ್ಮ ಸುಮ್ನೆ ಕೂತಿದ್ದನ್ನ ನಾನು ಇಪ್ಪತ್ತು ವರ್ಷದಲ್ಲಿ ನೋಡಿರಲಿಲ್ಲ ಕಣಮ್ಮ, ಎಂಜಿನ್ ಕೆಟ್ಟಿದೆಯೋ ಅಂತ ಎರಡು ಸಲ ನೋಡಿಕೊಂಡೆ" ಎಂದ. ನಾಳೆ ಬೆಳಿಗ್ಗೆ ಅವನು ಮತ್ತೆ ಮೇಲಕ್ಕೆ ಬರುತ್ತಾನೆ. ಈ ಪತ್ರ ಅವನ ಕೈಯಲ್ಲೇ ಬರುತ್ತದೆ. ರೇಡಿಯೋದಲ್ಲಿ ನದಿಯವರ ಸಂದೇಶ ಓದುವ ಹೊತ್ತಿನಲ್ಲಿ ಹೇಳಿಸಬಹುದಿತ್ತು, ಬೇಗ ಮುಟ್ಟುತ್ತಿತ್ತು. ಆದರೆ ನಾನು ಹೇಳಬೇಕಾದ್ದನ್ನು ಇಡೀ ನದಿ ಕೇಳಿಸಿಕೊಳ್ಳುವಷ್ಟು ಧೈರ್ಯ ನನಗಿಲ್ಲ. ಕರಪತ್ರಗಳಲ್ಲಿ ಧೈರ್ಯದ ಬಗ್ಗೆ ಅಷ್ಟು ಬರೆದವಳು ನಾನು.

ಪ್ರವೇಶ ಪರೀಕ್ಷೆಯನ್ನು ಮೊದಲ ಭಾನುವಾರ ಬರೆದು ಎರಡನೆಯ ಭಾನುವಾರದ್ದನ್ನು ಬಿಟ್ಟರೆ ನೀನು ಬರೆದದ್ದೆಲ್ಲ ನೀರಿಗೆ ಹಾಕಿದ ಹಾಗೆ, ಅದು ನಿನಗೂ ಗೊತ್ತು. ಮೂರು ವರ್ಷ ವಯಸ್ಕರ ಶಾಲೆಗೆ ಹೋಗಿ ಓದು ಮುಗಿಸಿದವಳು ನೀನು. ಪಟ್ಟಣದ ಟೀಚರು ಮಳೆಗಾಲದಲ್ಲಿ ಮೇಲೆ ಬರುವುದಿಲ್ಲವೆಂದು, ಒಲೆಯಿಂದ ಅನ್ನದ ಪಾತ್ರೆ ಇಳಿಸಿ, ಕೈ ಒರೆಸಿಕೊಂಡು ಸೀಮೆಸುಣ್ಣ ಹಿಡಿದು ಅ‍ಡುಗೆಯವಳಾದ ನೀನೇ ಪಾಠ ಮಾಡುತ್ತಿರುವುದು ಎಷ್ಟು ವರ್ಷದಿಂದ? ಇಲ್ಲಿಯ ಕಾಲೇಜಿನಲ್ಲಿ ಶಿಕ್ಷಕಿಯ ಪದವಿಗೆ ಸೇರಬೇಕೆಂದು ಹೇಳಿದ್ದು ನೀನು. ನಿನ್ನ ಹೆಸರನ್ನು ನೋಂದಾಯಿಸಿದ್ದು ನಾನು. ಈಗ ನನ್ನಿಂದಲೇ ಅದು ನಿಂತುಹೋಗುತ್ತದೆ ಎಂದರೆ ನಾನು ಯಾವ ಮುಖ ಹೊತ್ತು ನಮ್ಮ ಹೋರಾಟದ ಸಂಘದ ಮನೆಗೆ ಹೋಗಲಿ? ಇಲ್ಲ, ಸಂಘದ ಮನೆಯ ಮಾತು ಇಲ್ಲಿ ಯಾಕೆ ಬಂತು! ನೋಡು, ಹೀಗೇ ಆಗುತ್ತಿದೆ. ಏನು ಹೇಳಲು ಹೊರಟರೂ ಭಾಷಣವಾಗುತ್ತಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶನಿವಾರದ ಊಟ ನಿನಗೆ ನೆನಪಿರಬೇಕು. ಚಿಕ್ಕಮ್ಮ ಮೀನಿನ ಸಾರು ಬಡಿಸುತ್ತಾ, "ಇವತ್ತು ರಾತ್ರಿಯಿಂದ ಆ ಕಡೆಯವರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗತ್ತಂತೆ ಕಣ್ರೇ, ರೇಡಿಯೋದಲ್ಲಿ ಅಂದ್ರು. ನಿಮ್ಮ ಪರೀಕ್ಷೆಗೆ ಏನಾದ್ರೂ ಹೆಚ್ಚುಕಮ್ಮಿ ಆಗತ್ತಾ ನೋಡ್ಕೊಳ್ಳಿ" ಎಂದಳು. ಆಗ ನಾನು ಚಮಚ ಕೆಳಗಿಟ್ಟು ಮಾಡಿದ ಭಾಷಣವೂ ನೆನಪಿರಬೇಕು. ನಾನು ಒಂಬತ್ತು ವರ್ಷದವಳಿದ್ದಾಗ ರಾಜಧಾನಿಯವರು ನಮ್ಮ ಆಕ್ರಿಯ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿದ್ದು, ಮಕ್ಕಳು ಕತ್ತಲಲ್ಲಿ ತಡವರಿಸಿಕೊಂಡು ಶಾಲೆಗೆ ಹೋದದ್ದು, ತಾತ ಮಾತ್ರ "ನನ್ನದು ದೇವರ ಗಂಟೆ, ಅವರದು ಅವರಿಟ್ಟುಕೊಳ್ಳಲಿ" ಎಂದು ಸಾಯುವವರೆಗೂ ಹಳೆಯ ಗಂಟೆಗೇ ಅಂಟಿಕೊಂಡದ್ದು, ಕಡೆಗೆ ನಾವೆಲ್ಲ ವೋಟು ಹಾಕಿ ಆ ಗಂಟೆಯನ್ನು ವಾಪಸು ತಂದದ್ದು. ಮೇಲಿನವರು ಕಿತ್ತುಕೊಂಡದ್ದರಲ್ಲಿ ಈ ಜನ ವಾಪಸು ಪಡೆದದ್ದು ಅದೊಂದೇ, ಅದನ್ನು ಇನ್ನು ಯಾರೂ ಮುಟ್ಟುವಂತಿಲ್ಲ ಎಂದೆ. ಬ್ರಸೀಲಿಯಾಕ್ಕೂ ನಮಗೂ ಎರಡು ಗಂಟೆಯ ವ್ಯತ್ಯಾಸ. ಪರೀಕ್ಷೆಯ ಪ್ರವೇಶ ಕಾರ್ಡಿನಲ್ಲಿ ಅವರ ಗಂಟೆಯಂತೆ ಒಂದಕ್ಕೆ ಗೇಟು ಮುಚ್ಚುತ್ತದೆ ಎಂದಿದೆ. ಹಾಗಾದರೆ ನಮಗೆ ಹನ್ನೊಂದು. "ಇದು ಬರೀ ಕಳೆಯುವ ಲೆಕ್ಕ ಅಲ್ಲ ಚಿಕ್ಕಮ್ಮ, ಇತಿಹಾಸ" ಎಂದೂ ಸೇರಿಸಿದೆ. ಈಗ ಅದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಅಮ್ಮಾ, ನಮ್ಮ ಗಡಿಯಾರವನ್ನು ಯಾರೂ ಮುಟ್ಟಲಿಲ್ಲ. ಅಷ್ಟು ಮಾತ್ರ ನಾನು ಹೇಳಿದ್ದು ನಿಜವಾಯಿತು. ಬೇಸಿಗೆ ಬಂತೆಂದು, ಹಗಲ ಬೆಳಕು ಉಳಿಸಲು ಪ್ರತಿ ವರ್ಷ ಮಾಡುವಂತೆ, ಅವರು ತಮ್ಮದನ್ನು ಒಂದು ಗಂಟೆ ಮುಂದೆ ಇಟ್ಟುಕೊಂಡರು, ನಡುವಿನ ಎರಡು ಗಂಟೆ ಮೂರಾಯಿತು. ಅಷ್ಟೇ. ಅದರಲ್ಲೂ ಮೊದಲು, ಪರೀಕ್ಷೆ ಇರುವುದರಿಂದ ಈ ಸಲ ಎರಡು ವಾರ ತಡವಾಗಿ ಬದಲಾಯಿಸುತ್ತೇವೆ ಎಂದು ಹೇಳಿ, ಆಮೇಲೆ ಇಲ್ಲ, ಹೇಳಿದ ದಿನವೇ ಎಂದರು. ನಾನು ಮೊದಲನೆಯದನ್ನು ಓದಿದ್ದೆ, ಎರಡನೆಯದನ್ನು ಓದಿರಲಿಲ್ಲ. ಇದನ್ನು ನನ್ನ ಪರವಾದ ವಾದವೆಂದು ಬರೆಯುತ್ತಿದ್ದೇನೋ, ಬರೀ ವಿಷಯವೆಂದು ಬರೆಯುತ್ತಿದ್ದೇನೋ ತಿಳಿಯದು. ಚಿಕ್ಕಮ್ಮನ ಮಾತನ್ನು ಕೇಳಿಸಿಕೊಂಡಿದ್ದರೆ ಎರಡನ್ನೂ ಓದುವ ಅಗತ್ಯವೇ ಇರಲಿಲ್ಲ.

ಭಾನುವಾರ ನೀನು ಎಂಟಕ್ಕೇ ಹೊರಟು ನಿಂತೆ. ಮೆಕ್ಕೆಜೋಳದ ಹಿಟ್ಟಿನ ಕುಸ್ಕುಸ್ ಬೇಯಿಸಿಟ್ಟು, ಹುರಿದ ಬಾಳೆಕಾಯಿಯನ್ನೂ ನೀರಿನ ಬಾಟಲಿಯನ್ನೂ ಪಾರದರ್ಶಕ ಕೊಳವೆಯ ಎರಡು ಕಪ್ಪು ಪೆನ್ನುಗಳನ್ನೂ ಚೀಲಕ್ಕೆ ಹಾಕಿಕೊಂಡು. ಈಗಲೇ ಹೋಗಿ ಬಿಸಿಲಲ್ಲಿ ಒಣಗುತ್ತೀಯಾ ಎಂದು ನಾನು ನಕ್ಕೆ. "ಬೇಗ ಹೋದ್ರೆ ಯಾರಪ್ಪನ ಗಂಟೇನು ಹೋಗತ್ತೆ ಮಗಾ" ಎಂದೆ ನೀನು. ನಾಲ್ಕು ಗಂಟೆಯ ದೋಣಿಗೆ ಎರಡಕ್ಕೇ ಹೋಗಿ ದಡದಲ್ಲಿ ಕೂರುವವಳನ್ನು ತಡೆಯುವವರು ಯಾರು! ಸಂಘದ ಮನೆಗೆ ಹೋಗಿ ಕರಪತ್ರ ತೆಗೆದುಕೊಂಡು ಹತ್ತೂಕಾಲಿಗೆ ಬರುತ್ತೇನೆ, ಗೇಟಿನ ಹತ್ತಿರವೇ ಇರು ಎಂದೆ. ನೀನು ಒಂಬತ್ತಕ್ಕೆ ಗೇಟು ತೆರೆದದ್ದನ್ನು ಕಂಡು ಗಾಬರಿಯಾಗಿ, ಎಲ್ಲರೂ ಒಳಗೆ ಹೋಗುತ್ತಿರುವುದನ್ನು ನೋಡಿ, ನಾನೂ ಯಾವುದೋ ಸಾಲಿನಲ್ಲಿ ಬಂದಿರಬೇಕೆಂದುಕೊಂಡು ಒಳಗೆ ಹೋದೆ. ನಿನ್ನ ಕೋಣೆ ಬೇರೆ, ನನ್ನದು ಬೇರೆ. ಹೆಸರಿನ ಅಕ್ಷರದ ಪ್ರಕಾರ ಹಂಚಿದ್ದರಲ್ಲ. ಹಾಗಾಗಿ ಕಡೆಯವರೆಗೂ ನಿನಗೆ ಗೊತ್ತಾಗುವಂತೆಯೇ ಇರಲಿಲ್ಲ.

ನಾನು ಸಂಘದ ಮನೆಯಲ್ಲಿ ಹಳೆಯ ಯಂತ್ರದ ಜೊತೆ ಗುದ್ದಾಡುತ್ತಿದ್ದೆ. ಕಾಗದ ಸಿಕ್ಕಿಕೊಳ್ಳುತ್ತಿತ್ತು. "ಈ ಗೇಟು ಯಾರಿಗಾಗಿ?" ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದ ಇನ್ನೂರು ಪ್ರತಿ. ಪ್ರವೇಶ ಪರೀಕ್ಷೆಯೆಂಬುದು ಕಾಡಿನವರನ್ನೂ ನದಿಯವರನ್ನೂ ಸೋಸಿ ಹೊರಗೆಸೆಯುವ ಜರಡಿ, ಒಳಗೆ ಹೋಗುವವರು ಕೈಯಲ್ಲಿ ಪೆನ್ನು ಹಿಡಿದು ಹೋಗಲಿ, ಆದರೆ ಕಣ್ಣು ತೆರೆದು ಹೋಗಲಿ ಎಂದು ಬರೆದಿದ್ದೆ. ಅದರಲ್ಲಿ ಒಂದು ಸಾಲನ್ನೂ ನಾನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ನೋಡೋಣ. ಸದ್ಯಕ್ಕೆ ಇಲ್ಲ.

ಹತ್ತು ದಾಟಿ ಐದಾರು ನಿಮಿಷಕ್ಕೆ ಶಾಲೆಯ ಬೀದಿಗೆ ಬಂದೆ, ನಿಧಾನವಾಗಿ. ಇನ್ನೂ ಮುಕ್ಕಾಲು ಗಂಟೆಗೂ ಹೆಚ್ಚು ಸಮಯವಿದೆಯಲ್ಲ! ಎದುರು ಪಾದಚಾರಿ ದಾರಿಯಲ್ಲಿ ಜನ ಮಡಚುವ ಕುರ್ಚಿ ಹಾಕಿಕೊಂಡು, ತಂಪು ಪಾನೀಯ ಹಿಡಿದು, ಫೋನು ಎತ್ತಿಕೊಂಡು ಕೂತಿದ್ದರು. ತಡವಾಗಿ ಓಡಿಬರುವವರನ್ನು ನೋಡಿ ನಗಲು ಪ್ರತಿ ವರ್ಷ ಕೂರುತ್ತಾರಲ್ಲ, ಅವರೇ. ಇಷ್ಟು ಬೇಗ ಇವರೇಕೆ ಬಂದಿದ್ದಾರೆ ಎಂದು ನನಗೇ ಅವರ ಮೇಲೆ ನಗು ಬಂತು. ಒಬ್ಬ, "ಓಹೋ, ಬಂದಳಪ್ಪ ಇನ್ನೊಬ್ಬಳು! ಓಡಮ್ಮ ಓಡು, ಮುಂದಿನ ವರ್ಷಕ್ಕೆ ಸರಿಯಾಗಿ ಮುಟ್ತೀಯ!" ಎಂದು ಕೂಗಿದ. ಇನ್ನೊಬ್ಬಳು ನನ್ನ ಕೈಯ ಕಟ್ಟು ನೋಡಿ, "ಅದೇನೇ ಅದು, ಕಾಪಿ ಚೀಟೀನಾ? ಅಷ್ಟೊಂದಾ?" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನನ್ನೇ ಎಂದು ನನಗೆ ಹೊಳೆಯಲಿಲ್ಲ. ಜನಸಾಮಾನ್ಯರು ಮೊದಲು ನಗುತ್ತಾರೆ, ಆಮೇಲೆ ಓದುತ್ತಾರೆ ಎಂದು ಎಲ್ಲೋ ಓದಿದ್ದೆ. ಹಾಗಾಗಿ ಒಬ್ಬೊಬ್ಬರಿಗೂ ಕರಪತ್ರ ಹಂಚಲು ಶುರು ಮಾಡಿದೆ. ಮುಚ್ಚಿದ ಗೇಟಿಗೆ ಬೆನ್ನು ಹಾಕಿ ನಿಂತುಕೊಂಡು, "ಈ ಗೇಟು ಯಾರಿಗಾಗಿ" ಎಂದು ಕೇಳುತ್ತಾ, ಸುಮಾರು ಐದು ನಿಮಿಷ!

ಐಸ್‌ಕ್ಯಾಂಡಿ ಮಾರುವ ಹೆಂಗಸು ಕರಪತ್ರವನ್ನು ತಲೆಕೆಳಗಾಗಿ ಹಿಡಿದು, "ಅಲ್ಲಮ್ಮಾ, ನೀನು ಪರೀಕ್ಷೆ ಬರೆಯಕ್ಕೆ ಬಂದೋಳೋ, ಬೇಡ ಅನ್ನಕ್ಕೆ ಬಂದೋಳೋ?" ಎಂದಳು. ಎರಡಕ್ಕೂ ಎಂದೆ. "ಹಂಗಾದ್ರೆ ಒಂದು ಮುಗೀತು ಬಿಡು. ಗೇಟು ಹಾಕಿ ಹತ್ತು ನಿಮಿಷ ಆಯ್ತು" ಎಂದಳು.

ಆಮೇಲೆ ನಡೆದದ್ದು ನನಗೆ ತುಂಡುತುಂಡಾಗಿ ನೆನಪಿದೆ. ಗೇಟಿನ ಕಬ್ಬಿಣವನ್ನು ಎರಡೂ ಕೈಯಲ್ಲಿ ಬಡಿದೆ. ಒಳಗೆ ಅನಾಕ್ಲೇತು ಮಾಮ ನಿಂತಿದ್ದ. ನೀನು ಚಿಕ್ಕವಳಿದ್ದಾಗ ನಿಮ್ಮ ಪಕ್ಕದ ಮನೆಯಲ್ಲಿದ್ದವನು, ಈಗ ಆ ಶಾಲೆಯ ಕಾವಲುಗಾರ. ನನ್ನ ಗಡಿಯಾರವನ್ನು ಸರಳಿನ ನಡುವೆ ತೂರಿಸಿ ತೋರಿಸಿದೆ. ಅವನು ಬಗ್ಗಿ ನೋಡಿದ, ಪಾಪ. "ನಿನ್ನ ಗಡಿಯಾರ ಸರಿಯಾಗೇ ಇದೆ ಮಗಳೇ. ಆದ್ರೆ ನನ್ನ ಕೈಲಿರೋದು ಬೀಗ ಮಾತ್ರ, ಟೈಮು ಹೇಳೋದು ನಾನಲ್ಲ" ಎಂದ. ನಾನು ಅವನನ್ನು ಆಳುವವರ ನಾಯಿ ಎಂದೆ. ಅವನು ನೆರಳಿಗೆ ಹೋಗಿ ನಿಂತ. ಪಕ್ಕದಲ್ಲಿ ಬ್ರೆಡ್ಡಿನ ಅಂಗಡಿಯ ಹುಡುಗಿಯೊಬ್ಬಳು ಕಾರ್ಡು ಹಿಡಿದುಕೊಂಡು ಅಳುತ್ತಿದ್ದಳು. ಅವಳನ್ನು ಸಂತೈಸಬೇಕಿತ್ತು. ಸಂಘಟಿಸಬೇಕಿತ್ತು ಎಂದಾದರೂ ಹೊಳೆಯಬೇಕಿತ್ತು. ಏನೂ ಹೊಳೆಯಲಿಲ್ಲ. ಕರಪತ್ರವನ್ನೆಲ್ಲ ಜನ ನಾಲ್ಕು ಮಡಿಕೆ ಮಾಡಿ ಗಾಳಿ ಬೀಸಿಕೊಳ್ಳುತ್ತಿದ್ದರು. ಇನ್ನೂರೂ ಖಾಲಿಯಾಯಿತು. ಇಷ್ಟು ಚೆನ್ನಾಗಿ ಯಾವತ್ತೂ ಖಾಲಿಯಾಗಿರಲಿಲ್ಲ.

ಒಂದು ವಿಷಯ ನನ್ನ ತಲೆಗೆ ಹತ್ತುತ್ತಲೇ ಇಲ್ಲ, ನಿನಗೆ ತಿಳಿದರೆ ಹೇಳು. ಆ ಗೇಟು ಕೆಟ್ಟದ್ದೆಂದು ಎರಡು ತಿಂಗಳಿಂದ ಬರೆಯುತ್ತಿದ್ದವಳು ನಾನು. ಅದು ಮುಚ್ಚಿದಾಗ ತೆರೆಯಿರಿ ಎಂದು ಅಷ್ಟು ಜೋರಾಗಿ ಬಡಿದವಳೂ ನಾನೇ. ಬಡಿದ ಕೈ ಸುಳ್ಳೋ, ಬರೆದ ಕೈ ಸುಳ್ಳೋ? ಎರಡೂ ನಿಜವೆಂದು ಯಾವ ಕರಪತ್ರದಲ್ಲೂ ಬರೆದಿಲ್ಲ.

ನೀನು ಹೊರಗೆ ಬರುವವರೆಗೂ ಎದುರಿನ ಚರ್ಚಿನ ಮೆಟ್ಟಿಲ ಮೇಲೆ ಕೂತೆ. ಕುರ್ಚಿಯವರು ಎದ್ದು ಹೋದರು, ಬೀದಿ ಖಾಲಿಯಾಯಿತು. ಕೂತು ಕೂತು ಮನಸ್ಸಿನಲ್ಲೇ ಒಂದು ದೂರಿನ ಪತ್ರ ಬರೆಯತೊಡಗಿದೆ. ಮೊದಲು "ನನ್ನನ್ನು ಒಳಗೆ ಬಿಡಲಿಲ್ಲ" ಎಂದಿತ್ತು. ಎಷ್ಟೋ ಸಲ ತಿದ್ದಿದೆ. ಎರಡು ಗಂಟೆಯ ಹೊತ್ತಿಗೆ ಅದು "ನಾನು ಒಳಗೆ ಹೋಗಲಿಲ್ಲ" ಎಂದಾಗಿಬಿಟ್ಟಿತ್ತು. ಹೇಗಾಯಿತೋ ಗೊತ್ತಿಲ್ಲ ಅಮ್ಮಾ. ಅದು ಎಷ್ಟು ಚೆನ್ನಾಗಿ ಕೇಳಿಸಿತೆಂದರೆ ಮೂರರ ಹೊತ್ತಿಗೆ ನಾನೇ ಅದನ್ನು ನಂಬಿದ್ದೆ.

ನಾಲ್ಕಕ್ಕೆ ನೀನು ಬಂದೆ. ಕಡೆಯ ಮೂವರಲ್ಲಿ ಒಬ್ಬಳಾಗಿ. ನಿನ್ನನ್ನು ಹಾಗೆ ನಾನು ಯಾವತ್ತೂ ಕಂಡಿರಲಿಲ್ಲ. ಹಳದಿ ಪ್ರಶ್ನೆಪತ್ರಿಕೆಯನ್ನು ಎದೆಗೆ ಒತ್ತಿಕೊಂಡು, ಚಿಕ್ಕಮ್ಮನ ಮನೆಯವರೆಗೂ ಉಸಿರು ಬಿಡದೆ ಮಾತಾಡಿದೆ. ಫೋನನ್ನು ಹಾಕಿ ಮುಚ್ಚಲು ಒಂದು ಚೀಲ ಕೊಟ್ಟರು, ನನ್ನ ಹತ್ತಿರ ಫೋನೇ ಇಲ್ಲವೆಂದರೂ ಬಿಡಲಿಲ್ಲ, ಖಾಲಿ ಚೀಲಕ್ಕೇ ಅಂಟು ಹಾಕಿ ಕುರ್ಚಿಯ ಕೆಳಗಿಟ್ಟುಕೊಂಡು ಐದೂವರೆ ಗಂಟೆ ಕಾದೆ ಎಂದೆ. ಬಚ್ಚಲಿಗೆ ಹೋದರೆ ಹಿಂದೆಯೇ ಒಬ್ಬಳು ಬಂದಳು, "ಮದುವೆ ಹೆಣ್ಣಿನ ಹಾಗೆ ಕರ್ಕೊಂಡು ಹೋಗಿ ಕರ್ಕೊಂಡು ಬಂದ್ಲು" ಎಂದೆ. ಉತ್ತರದ ಹಾಳೆಯಲ್ಲಿ ಕೈಬರಹ ನೋಡಲೆಂದು ಒಂದು ಸಾಲು ನಕಲು ಮಾಡಿಸಿದರು ಎಂದೆ. ಇಂಟರ್ನೆಟ್ಟಿನಲ್ಲಿ ಜನರ ಮನಸ್ಸನ್ನು ಹೇಗೆ ತಿರುಗಿಸುತ್ತಾರೆ ಎಂಬ ಪ್ರಬಂಧಕ್ಕೆ, ಫೋನೇ ಇಲ್ಲದ ನೀನು ನಮ್ಮ ರೇಡಿಯೋದ ಸಂದೇಶಗಳ ಬಗ್ಗೆ ಬರೆದೆ. ಒಬ್ಬರಿಗೆಂದು ಹೇಳಿದ್ದನ್ನು ಊರೆಲ್ಲ ಕೇಳುತ್ತದೆ, ಆದರೆ ಅದು ಹೇಳುವವರಿಗೂ ಕೇಳುವವರಿಗೂ ಗೊತ್ತಿರುತ್ತದೆ. ಫೋನಿನಲ್ಲಿ ಯಾರು ಕೇಳುತ್ತಿದ್ದಾರೆಂದೇ ಗೊತ್ತಾಗುವುದಿಲ್ಲವಂತೆ, ವ್ಯತ್ಯಾಸ ಅಲ್ಲೇ ಇರುವುದು ಎಂದು. ಅಮ್ಮಾ, ನನ್ನ ಕರಪತ್ರಗಳಲ್ಲಿ ಇಷ್ಟು ನೇರವಾದ ಒಂದು ಸಾಲೂ ಇಲ್ಲ.

ಹೊಸ್ತಿಲ ಮೇಲೆ ಚಪ್ಪಲಿ ಬಿಡುತ್ತಾ ಕೇಳಿದೆ ನೀನು, "ನಿಂದು ಹೇಗಾಯ್ತು ಮಗಾ? ನಿನ್ನ ಕೋಣೆಲಿ ಫ್ಯಾನು ಇತ್ತಾ?"

ಆಗ ನಾನು ಹೇಳಿದ್ದನ್ನು ಇಲ್ಲಿ ಮತ್ತೆ ಬರೆಯುವುದು ನನಗೆ ಶಿಕ್ಷೆ, ಆದರೂ ಬರೆಯುತ್ತೇನೆ. "ನಾನು ಒಳಗೆ ಹೋಗಲಿಲ್ಲ. ಬೇಕೆಂದೇ. ಆ ಗೇಟಿನೊಳಗೆ ತಲೆ ಬಗ್ಗಿಸಿ ನುಗ್ಗೋರ ಸಾಲಿಗೆ ನಾನು ಸೇರಲ್ಲ. ಯಾರಾದ್ರೂ ಒಬ್ಬರು ಹೊರಗೆ ನಿಲ್ಲಬೇಕಿತ್ತು." ನೀನು ಹಳದಿ ಪತ್ರಿಕೆಯನ್ನು ಮಡಚಿ ಚೀಲದ ಅಡಿಗೆ ತುರುಕಿದೆ. "ನನಗೆ ಗೊತ್ತಿರಲಿಲ್ಲ ಮಗಾ" ಎಂದೆ. ನೀನು ಒಂದು ಏಟು ಹಾಕಿದ್ದರೆ ಚೆನ್ನಾಗಿತ್ತು.

ಅದು ಸುಳ್ಳು. ನಾನು ಬೇಡವೆಂದು ಹೊರಗೆ ನಿಲ್ಲಲಿಲ್ಲ. ತಡವಾಗಿ ಬಂದೆ. ಲೆಕ್ಕ ತಪ್ಪಿದೆ. ಗೇಟು ತೆರೆದಿದ್ದರೆ ಎಲ್ಲರನ್ನೂ ತಳ್ಳಿಕೊಂಡು ಒಳಗೆ ಓಡುತ್ತಿದ್ದೆ, ಕರಪತ್ರವನ್ನು ಬೀದಿಯಲ್ಲೇ ಬಿಸಾಡಿ. ನೀನು ಯಾವ ತಪ್ಪನ್ನೂ ಮಾಡಿಲ್ಲ, ಅರ್ಧವೂ ಇಲ್ಲ, ಕಾಲೂ ಇಲ್ಲ. ಬೇಗ ಹೋದೆ, ಅಷ್ಟೇ. ನಮ್ಮಿಬ್ಬರಲ್ಲಿ ಆ ದಿನ ಸರಿಯಾಗಿದ್ದವಳು ನೀನೊಬ್ಬಳೇ. ಅವರು ಮಾಡಿದ್ದು ಅನ್ಯಾಯವೇ, ನಾನು ಬಿಡುವುದಿಲ್ಲ, ದೂರು ಬರೆದೇ ಬರೆಯುತ್ತೇನೆ. ಆದರೆ ಅವರ ಅನ್ಯಾಯದ ಹಿಂದೆ ನನ್ನ ಜಂಭವನ್ನು ಬಚ್ಚಿಟ್ಟು ನಿನ್ನ ಮೇಲೆ ಹಾಕಿದ್ದು ನನ್ನದೇ ಅನ್ಯಾಯ. ಇವೆರಡನ್ನೂ ಬೇರೆಬೇರೆಯಾಗಿ ನೋಡಲು ಎರಡು ದಿನದಿಂದ ಒದ್ದಾಡುತ್ತಿದ್ದೇನೆ. ಇನ್ನೂ ಪೂರ್ತಿ ಬೇರೆಯಾಗಿಲ್ಲ.

ಬರುವ ಭಾನುವಾರ ಹೇಗಿರುತ್ತದೆಂದು ವಿಚಾರಿಸಿದ್ದೇನೆ, ಈ ಸಲ ಮೂರು ಕಡೆ. ಗಣಿತ ಮತ್ತು ವಿಜ್ಞಾನ, ತೊಂಬತ್ತು ಪ್ರಶ್ನೆ, ಪ್ರಬಂಧ ಇಲ್ಲ. ನಮ್ಮ ಗಂಟೆಯಂತೆ ಒಂಬತ್ತಕ್ಕೆ ಗೇಟು ತೆರೆಯುತ್ತದೆ, ಹತ್ತಕ್ಕೆ ಮುಚ್ಚುತ್ತದೆ, ಹತ್ತೂವರೆಗೆ ಶುರು, ಮೂರೂವರೆಗೆ ಮುಗಿಯುತ್ತದೆ. ಅದೇ ಕೋಣೆ, ಅದೇ ಕುರ್ಚಿ. ಗುರುತಿನ ಚೀಟಿ ಮರೆಯಬೇಡ. ಖಾಲಿ ಚೀಲವನ್ನು ಮತ್ತೆ ಕೊಡುತ್ತಾರೆ, ಜಗಳವಾಡದೆ ಅಂಟು ಹಾಕು. ತಿಳಿಯದ ಪ್ರಶ್ನೆಯ ಮುಂದೆ ಕೂತು ಕೊರಗಬೇಡ, ದಾಟಿಕೊಂಡು ಹೋಗು, ಆಮೇಲೆ ಬಾ. ಶಾಲೆಯಲ್ಲಿ ನಲವತ್ತು ಮಕ್ಕಳ ಅಕ್ಕಿಯನ್ನು ಕಣ್ಣಳತೆಯಲ್ಲೇ ಹಾಕುವವಳಿಗೆ ಅನುಪಾತದ ಲೆಕ್ಕ ಹೊಸದೇನಲ್ಲ, ಅಲ್ಲಿ ಅಂಕಿ ಬರೆದಿರುತ್ತಾರೆ, ಅಷ್ಟೇ ವ್ಯತ್ಯಾಸ. ಉತ್ತರದ ಹಾಳೆಯ ವೃತ್ತಗಳನ್ನು ತುಂಬಲು ಕಡೆಯ ಅರ್ಧ ಗಂಟೆ ಇಟ್ಟುಕೋ.

ಚಿಕ್ಕಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು. ನನ್ನ ಜೊತೆ ಇನ್ನೂ ನೆಟ್ಟಗೆ ಮಾತಾಡುತ್ತಿಲ್ಲ, "ಇತಿಹಾಸಕ್ಕೆ ಸಾರು ಬೇಕಾ?" ಎಂದು ಕೇಳಿ ಬಡಿಸುತ್ತಾಳೆ. ಶಾಲೆಯ ಮಕ್ಕಳಿಗೆಲ್ಲ ನನ್ನ ನೆನಪು ಹೇಳು. ದಿನವೂ ಮಲಗುವ ಮುಂಚೆ ನಿನ್ನ ಆಶೀರ್ವಾದ ಕೇಳುವವಳು ಭಾನುವಾರ ಕೇಳದೆ ಮಲಗಿದೆ. ಈಗ ಕೇಳುತ್ತಿದ್ದೇನೆ. ಕೊಡು ಅಮ್ಮಾ, ಅಲ್ಲಿಂದಲೇ.

ನಿನ್ನ ಮಗಳು
ಲಿಂದಾಲ್ವ

ಮರೆತ ಮಾತು: ಒಸ್ಮಾರ್ ಮಾಮ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಪತ್ರವನ್ನು ಈಗಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕಂತೆ. ಸಂಜೆ ಅನಾಕ್ಲೇತು ಮಾಮನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಮೊದಲ ದಿನ ತಪ್ಪಿಸಿಕೊಂಡವರೂ ಎರಡನೆಯ ದಿನ ಹೋಗಿ ಕೂರಬಹುದಂತೆ. "ಕಾಗದ ಕೊಡ್ತಾರೆ, ಬರೀಬಹ್ದು, ಯಾವ ಕಾಲೇಜೂ ಅದನ್ನ ನೋಡಲ್ಲ ಅಷ್ಟೆ" ಎಂದ. ನಾನು ಹೋಗುತ್ತೇನೆ. ಯಾರೂ ನೋಡದ ಆ ತೊಂಬತ್ತು ಪ್ರಶ್ನೆಯನ್ನೂ ಬರೆಯುತ್ತೇನೆ. ನೀನು ಒಬ್ಬಳೇ ಆ ಗೇಟು ದಾಟಬೇಕಾಗಿಲ್ಲ. ಶನಿವಾರದ ದೋಣಿಯಲ್ಲಿ ನಿನಗೆ ಜಾಗ ಇಡಲು ಮಾಮನಿಗೆ ಹೇಳಿದ್ದೇನೆ. ಶನಿವಾರ ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಬೇರೆ ಎಲ್ಲಾದರೂ ಉಳಿದುಕೋ, ಬೇಸರವಿಲ್ಲ. ಭಾನುವಾರ, ನವೆಂಬರ್ ಹನ್ನೊಂದು, ಬೆಳಿಗ್ಗೆ ಎಂಟು ಗಂಟೆ, ನಮ್ಮ ಗಡಿಯಾರದಲ್ಲಿ, ಶಾಲೆಯ ಗೇಟಿನ ಮುಂದೆ. ನಾನು ಏಳಕ್ಕೇ ಬಂದು ನಿಂತಿರುತ್ತೇನೆ.